ಕೊನೆಯ ಪುಟದ ತಿದ್ದುಪಡಿ

ಸಾರ್ವಜನಿಕ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಬೈಂಡರನು, ಒಂದು ಧಾರಾವಾಹಿಯ ನಾನೂರ ಹನ್ನೆರಡನೇ ಕಂತನ್ನು ನೋಡಿದ ಮರುದಿನ, ಪ್ರಸಾರ-ಪ್ರಕಾಶನ ಸಾಮರಸ್ಯ ಇಲಾಖೆಗೆ ನಿಗದಿತ ನಮೂನೆಯಲ್ಲಿ, ಎರಡು ಪ್ರತಿಗಳಲ್ಲಿ, ಒಂದು ದೂರು ಸಲ್ಲಿಸಿದನು. ದೂರು ಕೊಡುವ ಕೈಯನ್ನೂ ಅದನ್ನು ತೆಗೆದುಕೊಳ್ಳುವ ಕೈಯನ್ನೂ ಮಾಡಿದ ದೇವರು ಒಬ್ಬನೇ ಆದ್ದರಿಂದ, ಮುಂದೆ ನಡೆದದ್ದಕ್ಕೆ ಯಾರನ್ನೂ ದೂರುವಂತಿಲ್ಲ.

ಆ ಧಾರಾವಾಹಿ ಹಳೆಯ ಕಾದಂಬರಿಯೊಂದನ್ನು ಆಧರಿಸಿದ್ದು. ಕಾದಂಬರಿಯ ಕೊನೆಯ ಪುಟದಲ್ಲಿ ಹಿರಿಸೊಸೆ ಗಂಡನ ಮನೆಯ ಹೊಸ್ತಿಲು ದಾಟಿ ಹೊರಟುಹೋಗುತ್ತಾಳೆ. ಗ್ರಂಥಾಲಯದ ಒಂಬತ್ತು ಪ್ರತಿಗಳಲ್ಲೂ ಮೊದಲು ಕಿತ್ತುಬರುತ್ತಿದ್ದದ್ದು ಆ ಪುಟವೇ. ಓದಿದವರ ಕಣ್ಣೀರಿಗೆ ನೆನೆದು ಮೆತ್ತಗಾಗುತ್ತಿತ್ತು. ಬೈಂಡರನು ಅದನ್ನು ಪ್ರಸಾದದಂತೆ ಎರಡು ಕೈಯಲ್ಲಿ ಹಿಡಿದು ಅಂಟಿಸುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಅವನ ಸ್ವಂತ ಅಕ್ಕ ಅದೇ ಪುಟ ಓದಿ, ಹನ್ನೊಂದು ವರ್ಷ ತನ್ನನ್ನು ‘ಏ’ ಎಂದಲ್ಲದೆ ಬೇರೆ ಹೆಸರಿಂದ ಕರೆಯದ ಗಂಡನ ಮನೆ ಬಿಟ್ಟು ಬಂದಿದ್ದಳು. ಈಗ ಬಸ್ ನಿಲ್ದಾಣದ ಹಿಂದೆ ಅವಳದೇ ಟೈಲರಿಂಗ್ ಅಂಗಡಿ, ಎರಡು ಮೆಷೀನು, ಕೇರಿಯ ತುಂಬ ಗೆಳತಿಯರು.

ಧಾರಾವಾಹಿಯಲ್ಲಾದರೋ ಹಿರಿಸೊಸೆ ಅರವತ್ತೊಂದನೇ ಕಂತಿನಲ್ಲಿ ಹೊಸ್ತಿಲ ಆಚೆ ಒಂದು ಕಾಲಿಟ್ಟವಳು ಇನ್ನೊಂದನ್ನು ಇನ್ನೂ ಎತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆಗೆ ಎರಡು ಸಲ ನೆನಪು ಹೋಗಿ ಬಂದಿತ್ತು. ಗಂಡನ ಅವಳಿ ಸೋದರನೊಬ್ಬ ಪತ್ತೆಯಾಗಿ, ಮದುವೆಯಾಗಿ, ಸತ್ತೂ ಹೋಗಿದ್ದ.

“ಇವತ್ತು ಹೋಗ್ತಾಳೆ ನೋಡು,” ಎಂದು ಬೈಂಡರನು ಪ್ರತಿದಿನ ಹೆಂಡತಿಗೆ ಹೇಳುತ್ತಿದ್ದ.

“ಹೋದ್ರೆ ನಾಳೆ ಏಳೂವರೆಗೆ ನಾನೇನು ನಿಮ್ಮ ಮುಖ ನೋಡ್ಕೊಂಡು ಕೂರ್ಲಾ?”

“ಪುಸ್ತಕದಲ್ಲಿ ಹೋಗ್ತಾಳೆ ಕಣೇ!”

“ಪುಸ್ತಕದಲ್ಲಿ ಮಧ್ಯ ಮಧ್ಯ ಜಾಹೀರಾತು ಬರುತ್ತಾ? ಇಲ್ವಲ್ಲ. ಅವಳನ್ನ ತಡೆಯೋರು ಯಾರು, ಹೊರಟೇಹೋದ್ಲು.”

ದೂರಿನ ಏಳನೇ ಕಾಲಂನಲ್ಲಿ ಅವನು, “ಪುಸ್ತಕಕ್ಕೂ ಧಾರಾವಾಹಿಗೂ ತಾಳೆಯಾಗುತ್ತಿಲ್ಲ, ದಯಮಾಡಿ ಸರಿಪಡಿಸುವುದು” ಎಂದು ಬರೆದ. ಹನ್ನೊಂದನೇ ಕಾಲಂ ‘ಈ ಕೃತಿಯಿಂದ ಪ್ರಯೋಜನ ಪಡೆದವರು’ ಎಂದಿತ್ತು. ಅಲ್ಲಿ ಎದೆಯುಬ್ಬಿಸಿ ಅಕ್ಕನ ಕಥೆಯನ್ನೂ ಅಂಗಡಿಯ ವಿಳಾಸವನ್ನೂ ಬರೆದ.

ಇಪ್ಪತ್ತು ದಿನಕ್ಕೆ ಕರೆ ಬಂತು. ಸಾಮರಸ್ಯಾಧಿಕಾರಿಗಳು ಎದ್ದು ನಿಂತು ಕೈಕುಲುಕಿದರು.

“ನಿಮ್ಮ ದೂರು ನೂರಕ್ಕೆ ನೂರು ನ್ಯಾಯವಾದದ್ದು. ತಾಳೆಯಾಗ್ತಿಲ್ಲ, ನಿಜ. ಆದ್ರೆ ಎರಡರಲ್ಲಿ ಯಾವುದನ್ನ ಸರಿಪಡಿಸ್ಬೇಕು ಅಂತ ನೀವು ಬರೆದಿಲ್ಲ. ನಾವೇ ಪರಿಶೀಲಿಸಿದ್ವಿ. ಧಾರಾವಾಹಿ ನೋಡೋರು ನಲವತ್ತು ಲಕ್ಷ. ಪುಸ್ತಕ ಓದಿದೋರು ನಿಮ್ಮ ರಿಜಿಸ್ಟರ್ ಪ್ರಕಾರ ಮುನ್ನೂರ ಆರು. ತಪ್ಪು ಪುಸ್ತಕದಲ್ಲಿದೆ.”

“ಸ್ವಾಮಿ, ಬರೆದೋರೇ ಹಾಗೆ ಬರೆದಿದಾರಲ್ಲ!”

“ಅವರಿಗೂ ನೋಟಿಸ್ ಕಳಿಸಿದ್ವಿ. ಹದಿನೈದು ದಿನದಲ್ಲಿ ಉತ್ತರ ಬರ್ಲಿಲ್ಲ.”

“ಅವರು ತೀರಿಕೊಂಡು ಮೂವತ್ತು ವರ್ಷ ಆಯ್ತು!”

“ಹಾಗಾಗಿ ಅವರ ಆಕ್ಷೇಪಣೆ ಇಲ್ಲ ಅಂತ ಪರಿಗಣಿಸಿದ್ದೇವೆ,” ಎಂದು ಅಧಿಕಾರಿಗಳು ದಿವಂಗತರಿಗೆ ಗೌರವದಿಂದ ಒಂದು ಕ್ಷಣ ಕಣ್ಣು ಮುಚ್ಚಿದರು.

ಪ್ರಕಟಣೆ ಆ ವಾರವೇ ಹೊರಬಿತ್ತು:

“ಸದರಿ ಕಾದಂಬರಿಯ ಕೊನೆಯ ಪುಟದಲ್ಲಿ ‘ಹೊಸ್ತಿಲು ದಾಟಿ ಹೋದಳು’ ಎಂದಿರುವಲ್ಲಿ ‘ಹೊಸ್ತಿಲಲ್ಲಿ ಒಂದು ಕಾಲು ಆಚೆ ಇಟ್ಟು ನಿಂತಳು’ ಎಂದು ಓದಿಕೊಳ್ಳತಕ್ಕದ್ದು. ಹಿಂದಿನ ಮುಕ್ತಾಯವನ್ನು ನಂಬಿ ಯಾರಾದರೂ ಜೀವನದಲ್ಲಿ ಯಾವುದೇ ಕ್ರಮ ಕೈಗೊಂಡಿದ್ದಲ್ಲಿ, ಅಂಥವರು ಮೂವತ್ತು ದಿನಗಳೊಳಗಾಗಿ ತಮ್ಮ ಜೀವನವನ್ನು ತಿದ್ದುಪಡಿಗೆ ಅನುಗುಣವಾಗಿ ಸರಿಪಡಿಸಿಕೊಳ್ಳತಕ್ಕದ್ದು.”

ಒಂಬತ್ತು ಪುಟಗಳನ್ನು ಬೈಂಡರನೇ ಕತ್ತರಿಸಿ, ಒಂಬತ್ತು ಹೊಸ ಪುಟ ಅಂಟಿಸಿದ. ಸುಳ್ಳು ಪುಟ ಬೇಗ ಕಿತ್ತುಬರಲೆಂದು ಅಂಟನ್ನು ಕೊಂಚ ತೆಳ್ಳಗೆ ಕಲಸಿಟ್ಟುಕೊಂಡು ದೇವರಲ್ಲಿ ಮೊರೆಯಿಟ್ಟ. ಅಂಟು ಗಟ್ಟಿಯಾಗಿಯೇ ಹಿಡಿಯಿತು. ಭಗವಂತನ ಲೀಲೆ, ಇಲಾಖೆಯ ಕಾಗದವೂ ಒಳ್ಳೆಯ ದರ್ಜೆಯದು.

ಹನ್ನೊಂದನೇ ಕಾಲಂನ ಆಧಾರದ ಮೇಲೆ ನೋಟಿಸ್ ಹೋದದ್ದು ಅಕ್ಕನೊಬ್ಬಳಿಗೇ. ಬೈಂಡರನು ಅಂಗಡಿಗೆ ಓಡಿಬಂದಾಗ ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ರವಿಕೆಯ ತೋಳು ಹೊಂದಿಸುತ್ತಿದ್ದಳು.

“ಮೂವತ್ತು ದಿನದೊಳಗೆ ಜೀವನ ಸರಿಪಡಿಸಿಕೊಳ್ಳತಕ್ಕದ್ದಂತೆ, ತಪ್ಪಿದಲ್ಲಿ ಅಂಗಡಿಯ ಪರವಾನಗಿ ರದ್ದಾಗುತ್ತದಂತೆ,” ಎಂದು ಅವಳು ಸೂಜಿ ತೆಗೆದಿಟ್ಟಳು. “ನನ್ನ ವಿಳಾಸ ಬರಿ ಅಂತ ನಿಂಗೆ ಯಾರೋ ಹೇಳಿದ್ದು?”

“ಹೆಮ್ಮೆಯಿಂದ ಬರೆದೆ ಅಕ್ಕ.”

“ಹೆಮ್ಮೆ! ಬೆಕ್ಕಿಗೆ ಗಂಟೆ ಕಟ್ತೀನಿ ಅಂತ ಹೋಗಿ ಅಕ್ಕನ ಕೊರಳಿಗೆ ಕಟ್ಟಿ ಬಂದ್ಯಲ್ಲೋ, ಮಹಾರಾಯ!”

“ಕ್ಷಮಿಸು ಅಕ್ಕ. ಆ ಮನೆಗೆ ನೀನು ಮತ್ತೆ ಹೋಗೋ ಹಾಗಾಯ್ತಲ್ಲ…”

ಅಕ್ಕ ಕಾಗದವನ್ನು ಬೆಳಕಿಗೆ ಹಿಡಿದು, ಕೊಟ್ಟ ಬಟ್ಟೆಯಲ್ಲಿ ರವಿಕೆ ಆಗುತ್ತದೋ ಇಲ್ಲವೋ ಎಂದು ನೋಡುವವಳಂತೆ ನೋಡಿದಳು.

“ಒಳಗೆ ಹೋದಳು ಅಂತ ಎಲ್ಲಾದ್ರೂ ಇದೆಯಾ?”

“ಇಲ್ಲ. ನಿಂತಳು ಅಂತ ಅಷ್ಟೇ.”

“ಎಷ್ಟು ಹೊತ್ತು?”

“ಧಾರಾವಾಹಿ ಇರೋಷ್ಟು. ಅರ್ಧ ಗಂಟೆ.”

“ಜಾಹೀರಾತು ಕಳೆದ್ರೆ?”

“ಹದಿನೆಂಟು ನಿಮಿಷ.”

“ಹಾಗಿದ್ರೆ ಅಂಗಡಿ ಉಳೀತು. ನನ್ನ ಚೀಲ ಹಿಡ್ಕೊ, ನಡಿ.”

ಅಂದಿನಿಂದ ಸೋಮವಾರದಿಂದ ಶುಕ್ರವಾರದವರೆಗೆ, ಸಂಜೆ ಏಳೂವರೆಗೆ ಸರಿಯಾಗಿ, ಅಕ್ಕ ಆ ಮನೆಯ ಹೊಸ್ತಿಲಲ್ಲಿ ಬಲಗಾಲು ಹೊರಗೆ, ಎಡಗಾಲು ಒಳಗೆ ಇಟ್ಟು ನಿಲ್ಲುತ್ತಾಳೆ. ಜಾಹೀರಾತು ಬಂದಾಗ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಾಳೆ. ಶನಿವಾರ, ಭಾನುವಾರ ರಜೆ. ಇಲಾಖೆಯ ತಪಾಸಕರು ಬಂದು ಕಾಲುಗಳನ್ನು ನೋಡಿ ಗುರುತು ಹಾಕುತ್ತಾರೆ. ಗಂಡನಿಗೆ ಮೊದಲು ಕಸಿವಿಸಿಯಾಯಿತು. ಈಗ ಅವಳು ಬರುವುದು ಐದು ನಿಮಿಷ ತಡವಾದರೆ ಗಡಿಯಾರ ನೋಡುತ್ತಾನೆ. ಕೇರಿಯ ಹೆಂಗಸರು ಅಳತೆ ಕೊಡಲು ಅಲ್ಲಿಗೇ ಬರತೊಡಗಿದರು. ಬೈಂಡರನ ಹೆಂಡತಿ, “ಟೀವಿಗಿಂತ ಇಲ್ಲೇ ಚೆನ್ನಾಗಿ ಕಾಣುತ್ತೆ,” ಎಂದು ಮಣೆ ತಂದು ಎದುರಿಗೆ ಕೂರುತ್ತಾಳೆ.

ಪುಸ್ತಕ, ಧಾರಾವಾಹಿ ಮತ್ತು ಅಕ್ಕ, ಮೂವರೂ ತಾಳೆಯಾದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಯಿತು. ‘ದೂರುದಾರರಿಗೆ ತೃಪ್ತಿಯಾಗಿದೆ’ ಎಂಬಲ್ಲಿ ಬೈಂಡರನು ಸಹಿ ಹಾಕಿದ. ಪೆನ್ನನ್ನು ಅಧಿಕಾರಿಗಳೇ ಕೊಟ್ಟರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಮೊನ್ನೆ ನಾನೂರ ಎಂಬತ್ತನೇ ಕಂತು. ಒಳಗೆ ಟೀವಿಯ ಮುಂದೆ ಅಕ್ಕನ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು.

“ಪಾಪ, ಎಷ್ಟು ದಿನ ಅಂತ ನಿಲ್ಲಿಸ್ತಾರೆ ಆ ಹೆಣ್ಣುಮಗಳನ್ನ! ಹೋಗೋಕೆ ಬಿಡಬಾರದಾ? ಎಂಥ ಕಲ್ಲು ಮನಸ್ಸಿನ ಜನ!” ಎಂದು ನಿಟ್ಟುಸಿರು ಬಿಟ್ಟು, ಬಾಗಿಲ ಕಡೆ ತಿರುಗಿ ಗದರಿದರು: “ನೀನ್ಯಾಕೆ ಕಾಲು ಅಲ್ಲಾಡಿಸ್ತಿದ್ದೀಯ? ನೆಟ್ಟಗೆ ನಿಲ್ಲು.”

ಅಕ್ಕ ನೆಟ್ಟಗೆ ನಿಂತಳು. ಇನ್ನು ನಾಲ್ಕು ನಿಮಿಷವಿತ್ತು.