ಹುಳುಮನೆಗೆ ದಯಮಾಡಿಸಿದ ಅಧ್ಯಕ್ಷರಿಗೆ ಒಂದು ಅರಿಕೆ

ನಮ್ಮ ಪಕ್ಷದ ತಾಲ್ಲೂಕು ಅಧ್ಯಕ್ಷರ ದಿವ್ಯ ಸನ್ನಿಧಾನಕ್ಕೆ, ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ರೇಷ್ಮೆಹುಳು ಸಾಕಿಕೊಂಡಿರುವ ಆವುಲಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಮೊದಲನೆಯ ಚುನಾವಣೆಯಿಂದ ಈ 1962ರವರೆಗೆ ತಮ್ಮ ದರ್ಶನಭಾಗ್ಯವಿಲ್ಲದೆಯೇ ತಮಗೆ ಓಟು ಹಾಕಿಕೊಂಡು ಸುಖವಾಗಿದ್ದ ನಮ್ಮ ಮೇಲೆ ತಮಗೆ ಹಠಾತ್ತನೆ ಪ್ರೀತಿ ಉಕ್ಕಿದ್ದು ಬಯ್ಯಪ್ಪನ ದೆಸೆಯಿಂದ ಎಂಬುದು ಊರಿಗೆಲ್ಲ ಗೊತ್ತು. ಯಾವ ಪಕ್ಷವೂ ಇಲ್ಲದೆ ಚುನಾವಣೆಗೆ ನಿಂತಿರುವ ಆ ಮನುಷ್ಯ, ಗೌರಿಬಿದನೂರಿನ ರೈಲನ್ನು ನಮ್ಮೂರ ಹುಣಸೆಮರದ ಕೆಳಗೆ ತಂದು ನಿಲ್ಲಿಸುತ್ತೇನೆ ಎಂದಾಗ ತಾವು ಎರಡು ರೈಲು ಎಂದಿರಿ. ದೊಡ್ಡವರೆಲ್ಲ ಕಳ್ಳರು ಎಂದು ಅವನು ಸಂತೆಯಲ್ಲಿ ಕೂಗಿದಾಗ ತಾವು ಚಿಕ್ಕಬಳ್ಳಾಪುರದಲ್ಲಿ ಸಭೆ ಸೇರಿ, ಬೋಂಡ ತಿಂದು, ಜನರ ವಿಶ್ವಾಸವನ್ನು ಮರಳಿ ಪಡೆಯಲು ಅವರ ಮನೆಯೊಳಕ್ಕೇ ಹೋಗತಕ್ಕದ್ದು ಎಂದು ಠರಾವು ಮಾಡಿದಿರಿ.

ಆ ಠರಾವನ್ನು ತಾವು ಅಕ್ಷರಶಃ ಪಾಲಿಸಿದ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಕಳೆದ ಸೋಮವಾರ ಹದಿನಾಲ್ಕು ಜನರೊಡನೆ, ಕಾಲು ತೊಳೆಯದೆ, ಹಾರ, ಅತ್ತರು, ನಶ್ಯ, ಹೊಗೆಯಾಡುವ ಚುಟ್ಟಾ ಸಮೇತ ತಾವು ನುಗ್ಗಿದ್ದು ನಮ್ಮ ಹುಳುಮನೆಗೆ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಇನ್ನು ಐದಾರು ದಿನಕ್ಕೆ ಗೂಡು ಕಟ್ಟಬೇಕಾಗಿದ್ದ ಹುಳುಗಳು ಹೊಗೆಸೊಪ್ಪಿನ ಗಾಳಿಯನ್ನೂ ತಡೆಯುವುದಿಲ್ಲ. ಆ ಹೊತ್ತಿನಲ್ಲಿ ಮನೆಯ ಅಳಿಯ ಬಂದರೂ ಜಗಲಿಯಲ್ಲೇ ಕೂರಿಸುವುದು ನಮ್ಮಲ್ಲಿ ವಾಡಿಕೆ. ನನ್ನ ಹೆಂಡತಿ ಕದಿರಮ್ಮ ಬಾಗಿಲಿಗೆ ಅಡ್ಡ ನಿಂತಳು. ತಾವು ಅದನ್ನು ಸ್ವಾಗತವೆಂದು ತಿಳಿದು, ಅವಳ ಕೈಗೊಂದು ಕರಪತ್ರ ಕೊಟ್ಟು, ಒಳಹೊಕ್ಕು, ಒಂದು ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಫೋಟೊ ತೆಗೆಸಿಕೊಂಡಿರಿ.

ಬುಧವಾರದ ಹೊತ್ತಿಗೆ ತಟ್ಟೆ ತಟ್ಟೆಯ ಹುಳುಗಳೂ ಸೊಪ್ಪು ಬಿಟ್ಟು ಮಲಗಿದವು. ಇಪ್ಪತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಕಿದ್ದನ್ನು ಕದಿರಮ್ಮ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹೊತ್ತಳು. ನನಗೆ ಹೊಟ್ಟೆ ಉರಿಯುತ್ತದೆ, ಮಾನ್ಯರೇ. ಇದನ್ನು ವಿನಯದಿಂದ ಬರೆಯುವ ಬಗೆ ನನಗೆ ತಿಳಿಯದು.

ಆದ್ದರಿಂದ ತಾವು ಆ ತಿಪ್ಪೆಯ ಬಳಿ ಒಂದು ಬಹಿರಂಗ ಸಭೆ ನಡೆಸಿ, ಹುಳುಗಳಿಗೆ ಪಂಚವಾರ್ಷಿಕ ಯೋಜನೆಯನ್ನು ವಿವರಿಸಿ, ಎದ್ದು ಗೂಡು ಕಟ್ಟುವಂತೆ ಮನವೊಲಿಸಬೇಕಾಗಿ ಪ್ರಾರ್ಥನೆ. ಆಗದಿದ್ದರೆ ಅವನ್ನು ಮತದಾರರ ಪಟ್ಟಿಗಾದರೂ ಸೇರಿಸಿ. ಸತ್ತವರು ಆ ಪಟ್ಟಿಗೆ ಹೊಸಬರೇನಲ್ಲ. ಅದೂ ಕಷ್ಟವೆಂದರೆ ಹಾರವಿಲ್ಲದೆ ಒಬ್ಬರೇ ಬಂದು, ಜಗಲಿಯ ಮೇಲೆ ಕೂತು, ಕದಿರಮ್ಮ ಹೇಳುವುದನ್ನು ಬಾಯಿ ಹಾಕದೆ ಪೂರ್ತಿ ಕೇಳಿ. ಮೂರರಲ್ಲಿ ಇದೇ ತಮಗೆ ಹೆಚ್ಚು ಕಷ್ಟವೆಂದು ಬಲ್ಲೆ.

ಮತದಾನದ ದಿನದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಆವುಲಪ್ಪ

ಮರೆತ ಮಾತು: ತಾವು ಬಂದ ಹಿಂದಿನ ದಿನ ಬಯ್ಯಪ್ಪನೂ ಬಂದಿದ್ದ. ಅವನ ರೈಲು ಬರುವುದಿಲ್ಲವೆಂದು ನಮಗೆ ಗೊತ್ತು. ಆದರೂ ಓಟು ಅವನಿಗೇ ಎಂದಳು ಕದಿರಮ್ಮ. ಯಾಕೆಂದು ಕೇಳಿದೆ. "ಅವ್ನು ಹೇಳೋದೂ ಸುಳ್ಳೇ. ಆದ್ರೆ ಚಪ್ಲಿ ಬಿಟ್ಟು, ಆಚೆ ನಿಂತ್ಕಂಡು, ಹುಳ ಹೆಂಗವೆ ಅಕ್ಕಾ ಅಂತ ಕೇಳಿ, ಆಮೇಲೆ ಹೇಳ್ತಾನೆ" ಎಂದಳು.