ವೇಗ ಪರಿವರ್ತಕ ಯಂತ್ರವು ನುಂಗಿದ ಹತ್ತು ಪದಗಳ ವಿಚಾರ

ಮಾನ್ಯ ವೇಗ ಪರಿವರ್ತಕ ಯಂತ್ರದವರೇ,

ಕೇಂದ್ರ ಕಚೇರಿಯ ತಂಪು ಕೋಣೆಯಲ್ಲಿ ಧೂಳು ತಾಗದಂತೆ ಹೊದಿಕೆ ಹೊದ್ದು ಆಸೀನರಾಗಿರುವ ತಮ್ಮ ಸನ್ನಿಧಿಗೆ, ಕಿಟಕಿ ನೆಟ್ಟಗೆ ಮುಚ್ಚದ ಬೆಟ್ಟದ ಹವಾಮಾನ ಠಾಣೆಯಿಂದ ಟೆಲಿಪ್ರಿಂಟರ್ ನಡೆಸುವ ಹೆಂಗಸೊಬ್ಬಳ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ತಮಗೆ ನೆಗಡಿಯಾದರೆ ಇಡೀ ಇಲಾಖೆ ಸೀನುತ್ತದೆ. ನಾನೂ ಕ್ಷೇಮ, ಸಿಟ್ಟೊಂದನ್ನು ಬಿಟ್ಟರೆ.

ಹಳೆಯ ಲೈನುಗಳ ವೇಗವನ್ನು ಒಬ್ಬರು ಬಾಡ್‌ನಲ್ಲಿ ಹೇಳಿದರೆ ಇನ್ನೊಬ್ಬರು ನಿಮಿಷಕ್ಕೆ ಇಷ್ಟು ಪದ ಎನ್ನುತ್ತಿದ್ದರು, ಮತ್ತೊಬ್ಬರು ಸೆಕೆಂಡಿಗೆ ಇಷ್ಟು ಬಿಟ್ ಎಂದು ಹಟ ಹಿಡಿಯುತ್ತಿದ್ದರು. ಎಲ್ಲವನ್ನೂ ಒಂದೇ ಅಳತೆಗೆ ಪರಿವರ್ತಿಸಿ ಈ ಜಗಳವನ್ನೆಲ್ಲ ತಾವು ಬಗೆಹರಿಸಿದ್ದು ಮೆಚ್ಚತಕ್ಕದ್ದೇ. ನಮ್ಮ ಐವತ್ತು ಬಾಡ್ ಲೈನಿನಲ್ಲಿ ನಿಮಿಷಕ್ಕೆ ಅರವತ್ತಾರು ಪದ, ಜೊತೆಗೆ ಒಂದು ಪದದ ಮೂರರಲ್ಲಿ ಎರಡು ಪಾಲು ಹೋಗುತ್ತದೆಂದು ತಾವೇ ಕಂಡುಹಿಡಿದು, ಆ ಪಾಲು ನೋಡಲು ಲಕ್ಷಣವಾಗಿಲ್ಲವೆಂದು ಕತ್ತರಿಸಿ ಎಸೆದು, ಹೊಸ ಲೈನನ್ನು ಬರೀ ಅರವತ್ತಾರಕ್ಕೆ ಕಟ್ಟಿಹಾಕಿದಿರಿ. ನಾನು ದೂರಿದಾಗ, ಹೊಸ ಲೈನು ಜೋಡಿಸಲು ಬೆಟ್ಟಕ್ಕೆ ಬಂದಿದ್ದ ತಮ್ಮ ಮೇಲ್ವಿಚಾರಕರು, "ಚೂರುಪಾರು ಹೋದ್ರೆ ಏನ್ರೀ ಮೇಡಂ, ಅದರಿಂದ ಮಳೆ ನಿಲ್ಲುತ್ತಾ?" ಎಂದರು. ಮಳೆ ನಿಲ್ಲಲಿಲ್ಲ, ನಿಜ.

ಆ ಚೂರುಪಾರಿನಲ್ಲಿ ನನ್ನ ಸಂಸಾರವಿತ್ತು ಎಂಬುದನ್ನು ಮಾತ್ರ ತಮ್ಮ ಅವಗಾಹನೆಗೆ ತರಬಯಸುತ್ತೇನೆ. ದಿನಕ್ಕೊಮ್ಮೆ ನಾನು ಬೆಟ್ಟದ ಗಾಳಿ, ಮೋಡಗಳನ್ನು ಕೆಳಗೆ ಕಳಿಸುತ್ತೇನೆ, ಬಂದರಿನ ಕಚೇರಿಯಿಂದ ನನ್ನ ಯಜಮಾನರು ಅಲೆ, ಉಬ್ಬರಗಳನ್ನು ಮೇಲಕ್ಕೆ ಕಳಿಸುತ್ತಾರೆ. ಇಬ್ಬರಿಗೂ ಹದಿನೈದು ಹದಿನೈದು ನಿಮಿಷ. ಹಳೆಯ ಲೈನು ಅಷ್ಟರಲ್ಲಿ ಸಾವಿರ ಪದ ಒಯ್ಯುತ್ತಿತ್ತು, ಬುಲೆಟಿನ್ನಿಗೆ ಬೇಕಾದದ್ದು ಒಂಬೈನೂರ ತೊಂಬತ್ತು. ಕೊನೆಯಲ್ಲಿ ಉಳಿಯುವ ಹತ್ತು ಪದ ಆಪರೇಟರುಗಳ ಸ್ವಂತದ್ದು ಎಂಬುದು ಈ ಲೈನಿನ ಹಳೆಯ ರೂಢಿ, ಅದಕ್ಕೆ 'ಬಾಲ' ಎಂದು ಹೆಸರು. ಹದಿನೈದು ನಿಮಿಷದಲ್ಲಿ ತಮ್ಮ ಕತ್ತರಿಗೆ ಸಿಕ್ಕಿದ್ದು ಸರಿಯಾಗಿ ಇದೇ ಬಾಲ. ಎದುರಿಗೆ ಕೂತರೆ ಬಾಯಿಗೆ ಬೀಗ ಹಾಕಿಕೊಳ್ಳುವ ನಮ್ಮವರು ಬಾಲದಲ್ಲಿ ಮಾತ್ರ ಮನಸ್ಸು ಬಿಚ್ಚುತ್ತಿದ್ದರು. ಮದುವೆಗೆ ಕೇಳಿದ್ದೂ ಅಲ್ಲೇ, ಅತ್ತೆಯ ಮಂಡಿನೋವು ಅಲ್ಲೇ, ನಮ್ಮ ಜಗಳಗಳಂತೂ ಕಂತುಕಂತಾಗಿ ವಾರಗಟ್ಟಲೆ ಅಲ್ಲೇ ನಡೆದಿವೆ.

ತಾವು ಕತ್ತರಿ ಆಡಿಸಿದ ಹಿಂದಿನ ದಿನ ನಾನು ಬಾಲದಲ್ಲಿ ಒಂದು ಮಾತು ಕೇಳಿದ್ದೆ: "ವರ್ಗಕ್ಕೆ ಅರ್ಜಿ ಹಾಕಿ ಕೆಳಗೆ ಬಂದುಬಿಡಲಾ?" ಮರುದಿನ ಸಮುದ್ರ ಶಾಂತವಾಗಿದ್ದ ಪುಣ್ಯದಿಂದ ಅವರ ಬುಲೆಟಿನ್ ಐದು ಪದ ಗಿಡ್ಡವಾಗಿತ್ತು, ಆ ಐದು ಪದದ ಜಾಗದಲ್ಲಿ ಉತ್ತರ ಬಂತು: "ನೀನು ಇಳಿದು ಬಂದ್ರೆ ನಂಗೆ ತುಂಬಾ". ಅಷ್ಟೇ. ನನ್ನ ಟೆಲಿಪ್ರಿಂಟರ್ ಟಕ್ಕೆಂದು ನಿಂತಿತು.

ತುಂಬಾ ಏನು, ಮಹನೀಯರೇ? ನಮ್ಮ ಠಾಣೆಯ ಅಡುಗೆಯವನು, "ತುಂಬಾ ಕಷ್ಟ ಅಂತಾನೇ ಇರುತ್ತೆ ಅಕ್ಕಾ, ಭಾವನಿಗೆ ಒಬ್ಬರೇ ಇದ್ದು ಅಭ್ಯಾಸ ಆಗೋಗಿದೆ," ಎಂದು ಈರುಳ್ಳಿ ಹೆಚ್ಚುತ್ತಾ ತೀರ್ಪು ಕೊಟ್ಟ. ಅಂದಿನಿಂದ ಸಮುದ್ರಕ್ಕೂ ಸಮಾಧಾನವಿಲ್ಲ, ಬುಲೆಟಿನ್ ದಿನವೂ ತುಂಬಿ ತುಳುಕುತ್ತದೆ, ಹೆಂಡತಿಗಾಗಿ ಒಂದು ಅಲೆಯನ್ನು ಬಿಟ್ಟು ಬರೆಯುವ ಜಾತಿಯ ಮನುಷ್ಯ ನಮ್ಮವರಲ್ಲ. ಬೆಟ್ಟಕ್ಕೆ ಬೇರೆ ಫೋನಿಲ್ಲ. ತಿಂಗಳಿಗೊಮ್ಮೆ ಬರುವ ಜೀಪು ಇಂದು ಬರುತ್ತದೆ, ಅರ್ಜಿ ಅದರಲ್ಲೇ ಹೋಗಬೇಕು, ತಪ್ಪಿದರೆ ಇನ್ನು ಮೂರು ವರ್ಷ ವರ್ಗವಿಲ್ಲ. ಬೇಡದ ಮನೆಗೆ ಗಂಟುಮೂಟೆ ಹೊತ್ತು ಹೋಗಲು ನನಗೆ ಮನಸ್ಸಿಲ್ಲ, ಬೇಕೆಂದಿದ್ದ ಮನೆಯನ್ನು ಕಳೆದುಕೊಳ್ಳಲೂ ಧೈರ್ಯವಿಲ್ಲ. ನಿನ್ನೆ ಅಳು ಬಂತು, ಅದನ್ನೂ ತಮಗೆ ತಿಳಿಸುತ್ತೇನೆ.

ಆದ್ದರಿಂದ ಕೆಲವು ಸಣ್ಣ ವಿನಂತಿಗಳು. ತಾವು ನಾಡಿನ ಎಲ್ಲ ಲೈನುಗಳಿಂದ ಕತ್ತರಿಸಿದ ಚೂರುಗಳನ್ನು ಚೀಲಕ್ಕೆ ತುಂಬಿಸಿ ಕಳಿಸಿದರೆ ನಮ್ಮ ಪದವನ್ನು ನಾನೇ ಹುಡುಕಿಕೊಳ್ಳುತ್ತೇನೆ. ಅದಾಗದಿದ್ದರೆ ಸಮುದ್ರವನ್ನೇ ಹತ್ತು ಪದದಷ್ಟು ಕಡಿಮೆ ಮಾಡಿಸಿಕೊಡಿ. ಅದೂ ಕೈಲಾಗದಿದ್ದರೆ, ಇದೇ ನಿಯಮದಂತೆ ನನ್ನ ವಯಸ್ಸಿನ ಚಿಲ್ಲರೆ ವರ್ಷಗಳನ್ನೂ ಕತ್ತರಿಸಿ ಕೆಳಗಿನ ಹತ್ತಕ್ಕೆ ಇಳಿಸಿ ಆದೇಶ ಹೊರಡಿಸಿ, ಕಾಯಲು ನನಗೂ ಸ್ವಲ್ಪ ಪುರುಸೊತ್ತು ಸಿಕ್ಕೀತು.

ತಮ್ಮ ಪೂರ್ಣಾಂಕಗಳು ನೂರ್ಕಾಲ ಬಾಳಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಬೆಟ್ಟದ ಮೇಲಿನವಳು

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಜೀಪು ಬಂತು. ಅಕ್ಕಿ ಮೂಟೆಗಳ ನಡುವಿನಿಂದ ನಮ್ಮವರು ಇಳಿದರು, ಮೈಯೆಲ್ಲಾ ಧೂಳು. ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ, "ಸಮಾಧಾನ," ಎಂದರು. ಅರ್ಜಿಗೆ ಸಹಿ ಹಾಕಿದೆ. ಉಳಿದುಹೋಗಿದ್ದ ಒಂದು ಪದವನ್ನು ಬೆಟ್ಟ ಹತ್ತಿಸಲು ಅವರಿಗೆ ಒಂದು ಹಗಲು ಹಿಡಿಯಿತು. ಇದು ನಿಮಿಷಕ್ಕೆ ಎಷ್ಟು ಪದವಾಯಿತೆಂದು ಲೆಕ್ಕ ಹಾಕಿ, ತಮ್ಮ ವಾಡಿಕೆಯಂತೆ ಸೊನ್ನೆ ಎಂದು ನಮೂದಿಸಿಕೊಳ್ಳುವುದು.