ಬೆಂಚಿಗೆಲ್ಲ ಗೊತ್ತಿದ್ದ ಪಾಸ್‌ವರ್ಡು

ಸಾಸ್ವೆಹಳ್ಳಿಯ ಸೇವಾ ಕೇಂದ್ರದ ಕಂಪ್ಯೂಟರು ನನ್ನ ಮಾತಿಗೇ ತೆರೆದುಕೊಳ್ಳುತ್ತಿತ್ತು. ಇದರಲ್ಲಿ ಅರ್ಧ ಸುಳ್ಳು. ನನ್ನೊಬ್ಬಳ ಮಾತಿಗಲ್ಲ, ಅಲ್ಲಿ ನನ್ನ ಜೊತೆ ಸರದಿ ಕಾಯುತ್ತ ಬೆಂಚಿನ ಮೇಲೆ ಕೂತವರೆಲ್ಲರ ಮಾತಿಗೂ ತೆರೆಯುತ್ತಿತ್ತು.

ಅದಕ್ಕೆ ಕಾರಣ ಅಲ್ಲಿ ಕೆಲಸಕ್ಕಿದ್ದ ತಿಪ್ಪೇರುದ್ರ. ಮೂವರು ಬಳಸುವ ಒಂದೇ ಕಂಪ್ಯೂಟರು, ಒಬ್ಬೊಬ್ಬರಿಗೂ ಒಂದೊಂದು ಗುಟ್ಟಿನ ಪಾಸ್‌ವರ್ಡು. ಇವನೋ ಬಾಯಲ್ಲಿ ಹೇಳದೆ ಒಂದಕ್ಷರವನ್ನೂ ಒತ್ತಲಾರ. ಮಗ್ಗಿ ಒಪ್ಪಿಸುವ ಹುಡುಗನಂತೆ ದಿನಾ ರಾಗವಾಗಿ ಹೇಳುತ್ತಿದ್ದುದು ಹೊನ್ನಾಳಿಯವರೆಗೂ ಕೇಳಿಸುತ್ತಿತ್ತು.

ಆವತ್ತು ಬೆಳಿಗ್ಗೆ ಫೋನು ಬಂತು. ತಪಾಸಣೆಗೆ ನುಜಹತ್ ಮೇಡಂ ಬರುತ್ತಿದ್ದಾರೆ; ಯಾರ ಪಾಸ್‌ವರ್ಡು ಇನ್ನೊಬ್ಬರಿಗೆ ಗೊತ್ತಿದೆಯೋ ಅವರ ಕೆಲಸ ಹೋಯಿತು ಎಂದೇ ಲೆಕ್ಕ. ತಿಪ್ಪೇರುದ್ರ ಬೆವರಿದ ಬೆವರಿಗೆ ತುಂಗಭದ್ರೆ ಒಂದು ಮೊಳ ಏರಿರಬೇಕು. ಹಳೆಯ ಪಾಸ್‌ವರ್ಡು ತೆಗೆದು ಹೊಸದು ಹಾಕಿದ. ಅದನ್ನೂ ಗಟ್ಟಿಯಾಗಿ ಹೇಳಿಕೊಂಡೇ!

ಮೇಡಂ ಬಂದವರೇ, “ಲಾಗಿನ್ ಆಗ್ರಿ, ನೋಡಾಣ” ಎಂದರು.

ಹೆದರಿಕೆಗೆ ಅವನ ತಲೆ ತೊಳೆದಿಟ್ಟ ಮಡಕೆಯಾಗಿತ್ತು. ಒಂದು ಸಲ ತಪ್ಪಿತು. ಇನ್ನೊಂದು ಸಲವೂ ತಪ್ಪಿತು. ಮತ್ತೆ ತಪ್ಪಿದರೆ ಕಂಪ್ಯೂಟರು ಬಾಗಿಲು ಹಾಕಿಕೊಳ್ಳುತ್ತದೆ.

ಬೆಂಚಿನ ಮೇಲಿದ್ದ ಕರಿಬಸಮ್ಮನ ಕರುಳು ಚುರುಕ್ ಎಂದಿತು. “ಅಯ್ಯೋ ಕೂಸೇ, ಬಿಳಿಚೋಡು, ಆಮೇಲೆ ಎರಡು ಸೊನ್ನೆ ಏಳು ಅಲ್ಲೇನೋ? ನಿನ್ ಹೆಂಡ್ತಿ ತವರು!”

“ಮೊದಲ್ನೇ ಅಕ್ಷರ ದೊಡ್ಡದು ಐತೆ, ಮರೀಬ್ಯಾಡಪ್ಪ,” ಎಂದು ಪಕ್ಕದಲ್ಲಿದ್ದ ಫಕೀರಸಾಬರು ತಿದ್ದಿದರು.

ಕಂಪ್ಯೂಟರು ತೆರೆಯಿತು. ಮೇಡಂ ಕಣ್ಣೂ ತೆರೆದವು.

“ಏನ್ರೀ, ಊರಿಗೆಲ್ಲ ಹೇಳೀರಾ?”

“ಯಾರಿಗೂ ಹೇಳಿಲ್ರಿ ಮೇಡಂ!”

“ನಮಗೆಲ್ಲಿ ಹೇಳ್ತಾನವ್ವ? ಕಂಪ್ಯೂಟ್ರಿಗೆ ಹೇಳ್ತಾನೆ. ನಮ್ ಕಿವಿ ಏನು ಹೊಲಿಸ್ಕೊಳ್ಳಾಕೆ ಆಗ್ತೈತಾ?” ಎಂದಳು ಕರಿಬಸಮ್ಮ.

ತಿಪ್ಪೇರುದ್ರ ಕೈಮುಗಿದ. “ಹೆಂಡ್ತಿ ಬಸುರಿ ಐದಾಳ್ರಿ. ಕೆಲಸ ತೆಗೀಬ್ಯಾಡ್ರಿ.”

ಮೇಡಂ ಕರಗಿದರು. “ಇದೊಂದೇ ಸಲ. ನನ್ನೆದುರೇ ಹೊಸದು ಹಾಕ್ರಿ. ಬರಕೊಳ್ಳಂಗಿಲ್ಲ, ಬಾಯಿ ಬಿಡಂಗಿಲ್ಲ. ಒಬ್ಬರಿಗೆ ಕೇಳಿಸಿದ್ರೂ ನಾಳೆಯಿಂದ ಬರಬ್ಯಾಡ್ರಿ.”

ಕರಿಬಸಮ್ಮ ಸಂಚಿ ಬಿಚ್ಚಿ, ತೆಂಗಿನಕಾಯಿ ಗಾತ್ರದ ಎಲೆಅಡಿಕೆ ಉಂಡೆ ಮಾಡಿ ಅವನ ಬಾಯಿಗೆ ತುರುಕಿದಳು. ಅವನು ಕಣ್ಣುಗುಡ್ಡೆ ಹೊರಗೆ ಬರುವಂತೆ ಮಾಡಿಕೊಂಡು ಪಟಪಟ ಒತ್ತಿದ. ಒಂದು ಸ್ವರವೂ ಹೊರಡಲಿಲ್ಲ.

“ಯಾರಿಗಾದ್ರೂ ಕೇಳಿಸ್ತಾ?”

“ಇಲ್ಲ್ರೀ!” ಎಂದಿತು ಇಡೀ ಬೆಂಚು.

“ಶಭಾಷ್! ನಿಮ್ ಕೆಲಸ ಉಳೀತು. ಎಲ್ಲಿ, ಹೊಸದ್ರಾಗೆ ಲಾಗಿನ್ ಆಗಿ ತೋರಿಸ್ರಿ.”

ತಿಪ್ಪೇರುದ್ರ ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದು ಕೂತ. ಬೆರಳೆತ್ತಿದ. ಬೆರಳು ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಕತ್ತು ತಿರುಗಿಸಿ ಬೆಂಚಿನ ಕಡೆ ನೋಡಿದ. ಬೆಂಚೂ ಅವನನ್ನೇ ನೋಡಿತು.

ಮುಂದೇನಾಯಿತು ಅಂತ ನೀವೇ ಹೇಳಿ, ನೋಡೋಣ.